ಚಿಲ್ಲರಿನ ಧರ್ಮಪಿತ

ಒರುರೊ ಊರಿನಲ್ಲಿ ಹುಟ್ಟಿದವನು ಯಾವುದಕ್ಕೂ ಧರ್ಮಪಿತನಾಗದೆ ಸಾಯುವುದು ಬಹಳ ಕಷ್ಟದ ಕೆಲಸ. ಮಗುವಿನ ಜ್ಞಾನಸ್ನಾನಕ್ಕೆ ಒಬ್ಬ ಧರ್ಮಪಿತ ಬೇಕು, ಅದು ಸರಿ. ಆದರೆ ಅದರ ಮೊದಲ ಕ್ಷೌರಕ್ಕೆ ಇನ್ನೊಬ್ಬ ಬೇಕು. ಮದುವೆಯಾದರೆ ಉಂಗುರಕ್ಕೊಬ್ಬ, ಕೇಕಿಗೊಬ್ಬ, ಬ್ಯಾಂಡಿಗೊಬ್ಬ, ಬಿಯರಿಗೊಬ್ಬ. ಫುಟ್‌ಬಾಲ್ ತಂಡದ ಹೊಸ ಚೆಂಡಿಗೂ ಒಬ್ಬ ಧರ್ಮಪಿತ ಟೈ ಕಟ್ಟಿಕೊಂಡು ಬಂದು ನಿಂತಿರುತ್ತಾನೆ. ಇಂಥ ಊರಿನಲ್ಲಿ ಐವತ್ತು ದಾಟಿದ ಪ್ಲಾಸಿದೊ ಚೋಕೆಯನ್ನು ಜನ ಈ ಗೌರವಕ್ಕೆ ಕರೆದದ್ದು ಒಂದೇ ಒಂದು ಸಲ, ಗಣಿ ಕೆಲಸದ ಕ್ಲೇತೊನ ಮಗಳ ಕ್ಷೌರಕ್ಕೆ. ಅದೂ ಮೊದಲು ಒಪ್ಪಿಕೊಂಡಿದ್ದವನು ಬಸ್ಸು ತಪ್ಪಿಸಿಕೊಂಡದ್ದರಿಂದ. ಅಂದಿನಿಂದ ಕ್ಲೇತೊ ಮತ್ತು ಪ್ಲಾಸಿದೊ ಒಬ್ಬರನ್ನೊಬ್ಬರು ‘ಕಂಪಾದ್ರೆ’, ಅಂದರೆ ಮಗುವಿನ ಮೂಲಕ ಬಂದ ನೆಂಟ, ಎಂದು ಕರೆದುಕೊಳ್ಳುತ್ತಾರೆ. ಆದರೆ ಕತ್ತರಿ ಹಿಡಿದ ಗಾಬರಿಯಲ್ಲಿ ಮಗುವಿನ ಜುಟ್ಟಿನ ಜೊತೆಗೆ ತನ್ನ ಟೈಯನ್ನೂ ಕತ್ತರಿಸಿಕೊಂಡವನನ್ನು ಮತ್ತೆ ಯಾರು ತಾನೇ ಕರೆದಾರು?

ಹೀಗಿರುವಾಗ, ಆ ವರ್ಷ ಕಾರ್ನಿವಲ್ಲಿಗೆ ಮುಂಚೆ, ಪ್ಲಾಸಿದೊ ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಹೊಸ ಚಿಲ್ಲರ್ ಬಂತು. “ಹೊಸ ಯಂತ್ರ, ಇದಕ್ಕೂ ಒಬ್ಬ ಧರ್ಮಪಿತ ಬೇಕಲ್ಲ...” ಎಂದು ಲೆಕ್ಕಿಗ ರೆಂಬೆರ್ತೊ ತಮಾಷೆಗೆ ಬಾಯಿ ತೆರೆದ. ಅವನು ಬಾಯಿ ಮುಚ್ಚುವುದರೊಳಗೆ ಪ್ಲಾಸಿದೊನ ಕೈ ಮೇಲೆ ಹೋಗಿತ್ತು.

ಆ ಪ್ರಯೋಗಾಲಯದ ಕೆಲಸ ಅದಿರು ಪರೀಕ್ಷೆ. ಸುತ್ತಲ ಗಣಿಗಳಿಂದ ಬಂದ ಕಲ್ಲನ್ನು ಪುಡಿ ಮಾಡಿ ಎಕ್ಸ್‌ರೇ ಯಂತ್ರದೊಳಗೆ ಇಟ್ಟರೆ, ಅದರಲ್ಲಿ ತವರ ಎಷ್ಟು, ಬೆಳ್ಳಿ ಎಷ್ಟು, ಬರೀ ಕಲ್ಲೆಷ್ಟು ಎಂದು ಅದು ಹೇಳುತ್ತಿತ್ತು. ಹೇಳುವಾಗ ವಿಪರೀತ ಕಾಯುತ್ತಿತ್ತು. ಅದನ್ನು ತಣ್ಣಗಿಡುವುದಕ್ಕೆ ಪಕ್ಕದಲ್ಲಿ ಈ ಚಿಲ್ಲರ್. ಬೀರುವಿನಂಥ ಡಬ್ಬ, ಒಳಗೆ ನೀರಿನ ಟ್ಯಾಂಕು ಮತ್ತು ಪಂಪು, ಮೇಲೆ ನೀರು ಹಾಕುವುದಕ್ಕೆ ಒಂದು ಸೊಟ್ಟ ಕೊಳವೆ, ಮುಂದೆ ನೀರಿನ ಮಟ್ಟ ತೋರಿಸುವ ಹಸಿರು ಅಂಕಿಗಳ ಪರದೆ. ಮುಚ್ಚಳಕ್ಕೆ ಕಂಪನಿಯ ಮೊಹರು ಹಾಕಿತ್ತು. ಅವರ ಕಡೆಯವರ ಹೊರತು ಬೇರೆ ಯಾರು ಒಡೆದರೂ ಗ್ಯಾರಂಟಿ ಹೋಯಿತು. ನೀರು ನಲ್ಲಿಯದಾಗುವಂತಿರಲಿಲ್ಲ, ಬಟ್ಟಿ ಇಳಿಸಿದ್ದೇ ಆಗಬೇಕು. ಆ ಬಟ್ಟಿಯೋ, ಹನಿ ಹನಿಯಾಗಿ ಇಳಿಯುತ್ತಿತ್ತು. ಒಂದು ಬಕೆಟ್ಟು ತುಂಬುವುದರೊಳಗೆ ಪ್ಲಾಸಿದೊ ಒಂದು ನಿದ್ದೆ ತೆಗೆದು ಏಳುತ್ತಿದ್ದ.

ನಿರ್ದೇಶಕಿ ಮಿರ್ತಾ ಉಗಾರ್ತೆ ಅವನನ್ನು ತನ್ನ ಕೋಣೆಗೆ ಕರೆಸಿದಳು. ಆಕೆ ಮೇಜಿನ ಮೇಲೆ ಪೆನ್ನು ಸೊಟ್ಟಗಿದ್ದರೂ ಸಹಿಸದ ಹೆಂಗಸು. ಹಿಂದಿನ ಕಪಾಟಿನಲ್ಲಿ ತಾರಿಹಾದಿಂದ ಬಂದ ಸಿಂಗಾನಿ ಎಂಬ ದ್ರಾಕ್ಷಿ ಸಾರಾಯಿಯ ಬಾಟಲಿಯೊಂದು, ದೊಡ್ಡ ಅತಿಥಿಗಳಿಗೆಂದು, ಗಂಭೀರವಾಗಿ ನಿಂತಿತ್ತು.

“ದೋನ್ ಪ್ಲಾಸಿದೊ, ಎಷ್ಟು ವರ್ಷದಿಂದ ನೀವು ಇಲ್ಲಿ ಹಂಗಾಮಿ?”

“ನೀವು ಬರೋಕೆ ಮುಂಚಿನಿಂದ, ಇಂಜಿನಿಯರಮ್ಮ. ನಿಮಗಿಂತ ಮುಂಚೆ ಇದ್ರಲ್ಲ, ಅವರು ಬರೋಕೂ ಮುಂಚಿನಿಂದ.”

“ಈ ಚಿಲ್ಲರ್ ಇನ್ಮೇಲೆ ನಿಮ್ಮ ಜವಾಬ್ದಾರಿ. ಈಸ್ಟರ್‌ವರೆಗೆ ತಕರಾರಿಲ್ಲದೆ ನಡೆಸಿ, ನಿಮ್ಮ ಕೆಲಸ ಖಾಯಂ ಮಾಡೋಕೆ ನಾನು ಸಹಿ ಹಾಕ್ತೀನಿ. ಮಾಡ್ಬೇಕಾದ್ದು ಇಷ್ಟೇ. ಪರದೆ ನೋಡಿ. ಕಮ್ಮಿ ಅಂದ್ರೆ ನೀರು ಹಾಕಿ, ಜಾಸ್ತಿ ಅಂದ್ರೆ ತೆಗೀರಿ. ಪರದೆ ಸುಳ್ಳು ಹೇಳಲ್ಲ. ಮಧ್ಯೆ ನಿಮ್ಮ ತಲೆ ತರ್ಬೇಡಿ.”

ತಲೆಯನ್ನು ಮಧ್ಯೆ ತರದೆ ಇರುವುದು ಪ್ಲಾಸಿದೊಗೆ ಎಂದೂ ಕಷ್ಟವಾಗಿರಲಿಲ್ಲ. ಆದರೆ ಖಾಯಂ ಎಂಬ ಮಾತು ಕೇಳಿ ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಒಂದು ಮಾತಿಗಾಗಿ ಅವನು ಇಷ್ಟು ವರ್ಷ ಸೀಸೆ ತೊಳೆದಿದ್ದ, ಕಲ್ಲು ಕುಟ್ಟಿದ್ದ, ನಿರ್ದೇಶಕರ ಮೇಲೆ ನಿರ್ದೇಶಕರಿಗೆ ಕೊಡೆ ಹಿಡಿದಿದ್ದ. ಮನೆಗೆ ಹೋಗಿ ಹೆಂಡತಿ ಸೆನೋಬಿಯಾಗೆ ಹೇಳಿದ. ಸೆನೋಬಿಯಾ ಮಾರುಕಟ್ಟೆಯಲ್ಲಿ ನೇರಳೆ ಜೋಳದ ಬಿಸಿ ಅಪಿ ಮಾರುವವಳು. ಮಾರನೆಯ ಬೆಳಗ್ಗೆ ಅಪಿ ಕುಡಿದವರಿಗೆಲ್ಲ ಸುದ್ದಿಯೂ ಸಿಕ್ಕಿತು. ಸಂಜೆಯ ಹೊತ್ತಿಗೆ ಬಟಾಣಿ ಮಾರುವವಳು ಪ್ಲಾಸಿದೊಗೆ “ನಮಸ್ಕಾರ ಸಾಹೇಬ್ರೆ” ಎಂದಳು. ಆತ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದ.

ಕಾರ್ನಿವಲ್ಲಿನ ಮಂಗಳವಾರ ಚಾಲ್ಯ. ಅವತ್ತು ಊರಿಗೆ ಊರೇ ತನ್ನ ಮನೆ, ಅಂಗಡಿ, ಲಾರಿ, ಹೊಲಿಗೆ ಯಂತ್ರಗಳಿಗೆಲ್ಲ ಬಣ್ಣದ ಕಾಗದ ಸುತ್ತಿ, ಹೂವಿನೆಸಳು ಉದುರಿಸಿ, ಬಿಯರು ಚಿಮುಕಿಸಿ ಭೂತಾಯಿ ಪಾಚಮಾಮಾಗೆ ಅವಳ ಪಾಲು ಕೊಡುತ್ತದೆ. ಹೊರಡುವಾಗ ಸೆನೋಬಿಯಾ ಗಂಡನ ಟೈ ಎಳೆದು ಸರಿಮಾಡುತ್ತ ಹೇಳಿದಳು:

“ನಾಲ್ಕು ಮೂಲೆಗೆ, ನೆಲದ ಮೇಲೆ, ನಾಲ್ಕು ಹನಿ. ಅಷ್ಟೇ. ಕೊಡೋದು ಪಾಚಮಾಮಾಗೆ, ಡಬ್ಬಕ್ಕಲ್ಲ. ಧರ್ಮಪಿತ ಆದೆ ಅಂತ ಅಲ್ಲಿ ಶೋಕಿ ಮಾಡ್ಬೇಡ.”

“ನಂಗೆ ಗೊತ್ತಿಲ್ವೇನೆ?”

“ಗೊತ್ತಿದ್ದಿದ್ರೆ ನಾನ್ಯಾಕೆ ಹೇಳ್ತಿದ್ದೆ?”

ಪ್ರಯೋಗಾಲಯದಲ್ಲಿ ಪ್ಲಾಸಿದೊ ಎಲ್ಲವನ್ನೂ ಕ್ರಮವಾಗಿಯೇ ಮಾಡಿದ. ಚಿಲ್ಲರಿಗೆ ಕೆಂಪು ಹಳದಿ ಕಾಗದದ ಸುರುಳಿ ಸುತ್ತಿದ, ತಲೆಯ ಮೇಲೆ ಬಣ್ಣದ ಕಾಗದದ ಚೂರು ಉದುರಿಸಿದ, ನಾಲ್ಕು ಮೂಲೆಗೆ ನಾಲ್ಕು ಹನಿ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸೋಂಪಿನ ಮಿಠಾಯಿ ಚೀಪುತ್ತ ನಿಂತಿದ್ದ ರೆಂಬೆರ್ತೊ ಕೇಳಿಬಿಟ್ಟ:

“ಇಷ್ಟೇನಾ ದೋನ್ ಪ್ಲಾಸಿದೊ? ನನ್ನ ಭಾವಮೈದ ಮೋಟಾರ್ ಸೈಕಲ್ಲಿಗೆ ಧರ್ಮಪಿತ ಆದಾಗ ಒಂದು ಕೇಸ್ ಬಿಯರು ತಂದಿದ್ದಪ್ಪ.”

ಅಷ್ಟು ಹೇಳಿ ಅವನು ತನ್ನ ಮನೆಯ ಚಾಲ್ಯಕ್ಕೆ ಹೊರಟುಹೋದ. ಮಿಕ್ಕವರೂ ಹೋದರು. ಚುಚ್ಚಿದ ಮಾತು ಮತ್ತು ಮುಕ್ಕಾಲು ಬಾಟಲಿ ಬಿಯರು ಪ್ಲಾಸಿದೊ ಹತ್ತಿರ ಉಳಿದವು. ಅವನು ಚಿಲ್ಲರನ್ನು ನೋಡಿದ. ಮೋಟಾರ್ ಸೈಕಲ್ಲು ಕುಡಿಯುವುದು ಪೆಟ್ರೋಲು, ಅದಕ್ಕೆ ಬಿಯರು ಮೈಮೇಲೆ ಸುರಿಯಬೇಕು. ಇದು ಹಾಗಲ್ಲ. ಇದು ನೀರು ಕುಡಿಯುವ ಮಗು. ಇದಕ್ಕೆ ಬಾಯಿದೆ. ಬಾಯಿರುವ ಮಗುವಿಗೆ ಹಬ್ಬದ ದಿನ ನೆಲದ ಮೇಲೆ ಚೆಲ್ಲಿ ನೆಕ್ಕು ಅನ್ನುವುದುಂಟೆ? ಟ್ಯಾಂಕು ತುಂಬಿದೆಯೆಂದು ಪರದೆ ಹೇಳುತ್ತಿದ್ದುದರಿಂದ, ಪ್ಲಾಸಿದೊ ಜಾಗ ಮಾಡಲು ಕೆಳಗಿನ ನಲ್ಲಿ ತಿರುಗಿಸಿ ಒಂದು ಬಕೆಟ್ಟು ನೀರು ತೆಗೆದ. ಆಮೇಲೆ ಸೊಟ್ಟ ಕೊಳವೆಗೆ ಬಾಟಲಿ ಬಗ್ಗಿಸಿದ. ಜೊತೆಗೆ ನಾಲ್ಕು ಕಾಗದದ ಚೂರೂ ಹೋದವು. “ಕುಡಿ ಕಂದ” ಎಂದು ಡಬ್ಬದ ಬೆನ್ನು ತಟ್ಟಿ, ಬಾಗಿಲು ಹಾಕಿಕೊಂಡು ಹೋದ.

ಹಬ್ಬ ಮುಗಿಸಿ ಬಂದು ಪಂಪು ಹಾಕಿದರೆ ಪರದೆ ಕಿರಿಚಿತು. ನೀರು ನೂರಕ್ಕೆ ನೂರ ಎಂಟು! ತೆಗೆಯಬೇಕು. ಪ್ಲಾಸಿದೊ ಒಂದು ಬಕೆಟ್ಟು ತೆಗೆದ. ಇನ್ನೂ ನೂರ ಎಂಟು. ಮತ್ತೊಂದು ತೆಗೆದ. ನೂರಕ್ಕೆ ನಿಂತಿತು. ಆಹಾ ಎಂದು ಬೆವರು ಒರೆಸಿಕೊಂಡ. ತುಸು ಹೊತ್ತಿನಲ್ಲಿ ಎಕ್ಸ್‌ರೇ ಯಂತ್ರ ಕಾದು ಹೆಂಚಿನಂತಾಗಿ ತಾನಾಗಿಯೇ ಆರಿಹೋಯಿತು. ಪಂಪು ನಿಂತಿತು. ಪಂಪು ನಿಂತದ್ದೇ ಪರದೆಯ ಅಂಕಿ ಇಳಿಯತೊಡಗಿತು. ಎಂಬತ್ತು, ಅರವತ್ತು, ನಲವತ್ತು, ಮೂವತ್ತು. ‘ನೀರು ಕಡಿಮೆ, ಚಾಲೂ ಮಾಡಬೇಡಿ’ ಎಂದು ಕೆಂಪು ದೀಪ ಹತ್ತಿತು.

“ನಡೀವಾಗ ನೀರು ಇರತ್ತೆ, ನಿಂತಾಗ ಇರಲ್ಲ ಅಂದ್ರೆ ಏನ್ರೀ ಅರ್ಥ?” ಎಂದಳು ನಿರ್ದೇಶಕಿ.

“ಅದೇ ನಂಗೂ ಅರ್ಥ ಆಗ್ತಿಲ್ಲ, ಇಂಜಿನಿಯರಮ್ಮ.”

“ಎಲ್ಲೋ ಸೋರ್ತಿದೆ.”

ನಲ್ಲಿ ರಿಪೇರಿಯವನು ಬಂದ. ಹೊಟ್ಟೆಯ ಮೇಲೆ ಮಲಗಿ, ಎಲ್ಲ ಕೊಳವೆಗೂ ಕೈಯಾಡಿಸಿ, “ನನ್ನ ಗಂಟಲಿಗಿಂತ ಒಣಗಿದೆ” ಎಂದು ಹೇಳಿ ಎದ್ದ. ಸೋರುತ್ತಿಲ್ಲ ಎಂದರೆ ಕದಿಯುತ್ತಿದ್ದಾರೆ ಎಂದು ನಿರ್ದೇಶಕಿ ತೀರ್ಮಾನಿಸಿದಳು. ಬಟ್ಟಿ ಇಳಿಸಿದ ನೀರನ್ನು ಕದ್ದು ಯಾರು ಏನು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಹಿಂಬದಿಯಲ್ಲಿ ಕಾರು ತೊಳೆಯುವ ಅಂಗಡಿಯಿತ್ತು. ರೆಂಬೆರ್ತೊ ಅಲ್ಲಿಗೆ ಹೋಗಿ, ಒಂದು ತೊಟ್ಟು ನೀರನ್ನು ಬೆರಳಿನಿಂದ ನಾಲಿಗೆಗೆ ಮುಟ್ಟಿಸಿಕೊಂಡು, “ಇದು ನಮ್ಮ ನೀರಲ್ಲ” ಎಂದು ಬಂದು ವರದಿ ಮಾಡಿದ. ಅಂಗಡಿಯವನು ಬೇಲಿಯ ಆಚೆಯಿಂದ ಬೈದ ಬೈಗುಳಗಳನ್ನು ಮಾತ್ರ ವರದಿ ಮಾಡಲಿಲ್ಲ.

ಇದರ ನಡುವೆ ಇನ್ನೊಂದು ಪೀಡೆ. ಪ್ರಯೋಗಾಲಯದಲ್ಲಿ ಒಂದು ಹುಳಿ ವಾಸನೆ. ಕಾರ್ನಿವಲ್ಲಿನ ವಾರ ಊರೆಲ್ಲ ಹಾಗೇ ನಾರುತ್ತದೆ, ಯಾರೂ ಮೂಗು ಮುಚ್ಚಲಿಲ್ಲ. ಆದರೆ ಬೂದಿ ಬುಧವಾರ ಕಳೆದು, ಹಣೆಯ ಬೂದಿ ಅಳಿಸಿ, ಎಲ್ಲರೂ ಸಂಭಾವಿತರಾದ ಮೇಲೂ ವಾಸನೆ ಹೋಗಲಿಲ್ಲ. ನಿರ್ದೇಶಕಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು.

“ಕಾರ್ನಿವಲ್ ಮುಗೀತು. ಕೆಲವರಿಗೆ ಇನ್ನೂ ಮುಗಿದಿಲ್ಲ ಅಂತ ಕಾಣತ್ತೆ.”

ಎಲ್ಲರೂ ರೆಂಬೆರ್ತೊನನ್ನು ನೋಡಿದರು. ಅವನಿಗೆ ರೋಷ ಉಕ್ಕಿತು.

“ನನ್ನನ್ಯಾಕೆ ನೋಡ್ತೀರಿ? ನನ್ನ ಬಾಯಿ ಸೋಂಪಿನ ವಾಸನೆ!”

“ಅದಕ್ಕೇ ನೋಡ್ತಿರೋದು,” ಎಂದಳು ನಿರ್ದೇಶಕಿ. “ಏನು ಮುಚ್ಚಿಡೋಕೆ ಇಷ್ಟು ಸೋಂಪು ತಿಂತೀರಿ?”

ರೆಂಬೆರ್ತೊ ಆವತ್ತಿಡೀ ಯಾರಿಗೂ ಮಿಠಾಯಿ ಹಂಚಲಿಲ್ಲ. ಪ್ಲಾಸಿದೊ ತಾನೂ ತಲೆದೂಗಿ, “ಕುಡಿತ ಕೆಟ್ಟದ್ದು” ಎಂದು ಚಿಲ್ಲರಿಗೆ ಒರಗಿ ನಿಂತುಕೊಂಡ. ಪಾಪ, ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಹಬ್ಬದಲ್ಲಿ ಮಗುವಿಗೆ ಒಂದು ಗುಟುಕು ಕುಡಿಸಿದ್ದನ್ನು ಯಾವ ಧರ್ಮಪಿತ ಲೆಕ್ಕ ಇಡುತ್ತಾನೆ?

ಅಷ್ಟರಲ್ಲಿ ಕಂಪಾದ್ರೆ ಕ್ಲೇತೊ ಕಲ್ಲಿನ ಚೀಲ ಹೊತ್ತುಕೊಂಡು ಬಂದ. ಅವನು ಗಣಿಕಾರರ ಸಂಘದವನು. ಕೆನ್ನೆಯೊಳಗೆ ಕೋಕಾ ಎಲೆಯ ಉಂಡೆ ಇಟ್ಟುಕೊಳ್ಳದೆ ಅವನನ್ನು ಕಂಡವರಿಲ್ಲ.

“ಕಂಪಾದ್ರೆ, ಹೊಸ ಪದರ ಸಿಕ್ಕಿದೆ. ತವರವೋ ಬರೀ ಕಲ್ಲೋ ಅಂತ ನಿಮ್ಮ ಯಂತ್ರ ಹೇಳೋವರೆಗೂ ನಾವು ಅಗೆಯೋ ಹಾಗಿಲ್ಲ. ಸಂಘದವರೆಲ್ಲ ನಿನ್ನ ಧರ್ಮಪುತ್ರನ ಮುಖ ನೋಡ್ತಾ ಕೂತಿದ್ದಾರೆ.”

“ಮಗೂಗೆ ಹುಷಾರಿಲ್ಲ ಕಂಪಾದ್ರೆ. ಓಡ್ತಾನೆ, ಕಾಯ್ತಾನೆ, ಬೀಳ್ತಾನೆ.”

“ಚಾಲ್ಯ ಸರಿಯಾಗಿ ಮಾಡಿದ್ಯಾ?”

“ಮಾಡಿದೀನಪ್ಪ. ಒಂದು ಬಾಟ್ಲಿ.”

“ಒಂದು ಬಾಟ್ಲಿ!” ಕ್ಲೇತೊ ಎಲೆಯ ಉಂಡೆಯನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ದೂಡಿದ. “ಒಂದು ಬಾಟ್ಲಿ ಕೈಗಾಡಿಗೆ ಹಾಕ್ತಾರೆ. ಇಂಥಾ ದೊಡ್ಡ ಯಂತ್ರಕ್ಕೆ ಒಂದು ಬಾಟ್ಲಿ ಕೊಟ್ಟು, ಈಗ ಯಾಕೆ ಮುನಿಸ್ಕೊಂಡ ಅಂತ ಕೇಳ್ತೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?”

ನಾಚಿಕೆಯಾಯಿತು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದಾಗ ಪ್ಲಾಸಿದೊ ಕೋಟಿನೊಳಗಿಂದ ಒಂದು ಬಾಟಲಿ ತೆಗೆದು ಸೊಟ್ಟ ಕೊಳವೆಗೆ ಸುರಿದ. ಸುರಿಯುತ್ತಿದ್ದಂತೆಯೇ, ಗಣಿ ಕಾಯುವ ಸುರಂಗದ ಮಾತೆಯಾಣೆ, ಮೂವತ್ತರಲ್ಲಿದ್ದ ಅಂಕಿ ಮೇಲೇರಿತು! ಐವತ್ತು, ಎಪ್ಪತ್ತು, ತೊಂಬತ್ತು. ಕೆಂಪು ದೀಪ ಆರಿ ಹಸಿರು ಹತ್ತಿತು. ಒಂದು ಬಾಟಲಿಯಿಂದ ಅರ್ಧ ಟ್ಯಾಂಕು ತುಂಬಿತ್ತು. ಪ್ಲಾಸಿದೊ ಎರಡು ಕೈಯನ್ನೂ ಎದೆಯ ಮೇಲಿಟ್ಟುಕೊಂಡು ಹಿಂದಕ್ಕೆ ಹೆಜ್ಜೆಯಿಟ್ಟ. ಹಿಂದೆ ರೆಂಬೆರ್ತೊನ ಕಾಲಿತ್ತು.

“ಅಯ್ಯೋ! ಕಾಲು!”

“ನೀವು ನೋಡಿದ್ರಾ?”

“ನೋಡಿದೆ,” ಎಂದ ರೆಂಬೆರ್ತೊ, ಕಣ್ಣು ಪರದೆಯ ಮೇಲಿಂದ ತೆಗೆಯದೆ. “ಒಂದು ಬಾಟ್ಲಿಗೆ ಇಷ್ಟಾ?”

“ಯಾರಿಗೂ ಹೇಳ್ಬೇಡಿ, ಲೈಸೆನ್ಸಿಯಾದೊ ಸಾಹೇಬ್ರೆ. ಇದು ನನಗೂ ಪಾಚಮಾಮಾಗೂ ನಡುವಿನ ವಿಷಯ.”

ರೆಂಬೆರ್ತೊ ಪ್ರಮಾಣ ಮಾಡಿದ. ಸಂಜೆಯೊಳಗೆ ಇಡೀ ಪ್ರಯೋಗಾಲಯಕ್ಕೆ ತಿಳಿದಿತ್ತು. ನಿರ್ದೇಶಕಿಯ ಕಿವಿಗೂ ಬಿತ್ತು. ಆಕೆ ನಕ್ಕುಬಿಟ್ಟಳು. “ಇದು ವಿಜ್ಞಾನದ ಜಾಗ. ಇಲ್ಲಿ ಇಂಥ ಮಾತು ಬೇಡ” ಎಂದಳು. ಆದರೆ ಹಾದುಹೋಗುವಾಗ ಪರದೆಯ ಮುಂದೆ ನಿಂತು, ತೊಂಬತ್ತನ್ನು ಬಹಳ ಹೊತ್ತು ನೋಡಿದಳು.

ಯಂತ್ರ ಓಡಿತು, ಕಾದಿತು, ಮತ್ತೆ ನಿಂತಿತು. ಅಂಕಿ ಮತ್ತೆ ಇಳಿಯಿತು. ಕ್ಲೇತೊನ ಕಲ್ಲು ಅರ್ಧ ಬೆಂದ ಆಲೂಗಡ್ಡೆಯಂತೆ ಒಳಗೇ ಉಳಿಯಿತು. ಕೊನೆಗೆ ನಿರ್ದೇಶಕಿ ಕಂಪನಿಗೆ ಫೋನು ಮಾಡಿ, ಕೊಚಬಾಂಬಾದಿಂದ ತಂತ್ರಜ್ಞೆಯನ್ನು ಕರೆಸುವುದಾಗಿ ತಿಳಿಸಿದಳು. ಪ್ಲಾಸಿದೊನ ಕಡೆಗೆ ತಿರುಗಿ, ಮೆಲ್ಲನೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

“ತಪ್ಪು ಅವರದಾದ್ರೆ ಅವರು ರಿಪೇರಿ ಮಾಡ್ತಾರೆ. ನಮ್ಮದಾದ್ರೆ ಗ್ಯಾರಂಟಿ ಹೋಯ್ತು. ಆಮೇಲೆ ಖಾಯಂ ವಿಷಯ ನನ್ನ ಹತ್ರ ಎತ್ತಬೇಡಿ. ಹಂಗಾಮಿಗೂ ಬೇರೆ ಜಾಗ ನೋಡ್ಕೋಬೇಕಾಗತ್ತೆ.”

ಪ್ಲಾಸಿದೊಗೆ ಊಟ ಸೇರಲಿಲ್ಲ. ಮಾರುಕಟ್ಟೆಯಲ್ಲಿ ಬಟಾಣಿಯವಳು “ಸಾಹೇಬ್ರೆ” ಎಂದರೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದ. ಸೆನೋಬಿಯಾ ಅವನ ಮುಖ ನೋಡಿದಳು.

“ಏನು ಮಾಡ್ಕೊಂಡೆ?”

“ಏನೂ ಇಲ್ಲ.”

“ಒಳಗೆ ಹಾಕಿದ್ಯಾ?”

“ಏನು ಒಳಗೆ?”

“ನಾನು ನೆಲಕ್ಕೆ ಅಂದಿದ್ದೆ. ನೀನು ಒಳಗೆ ಹಾಕಿದ್ಯಾ?”

ಪ್ಲಾಸಿದೊ ಅಪಿಯ ಲೋಟದೊಳಗೆ ಮುಖ ಅಡಗಿಸಿದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ತಂತ್ರಜ್ಞೆ ಬರುವುದಕ್ಕೆ ಇನ್ನೂ ಸಮಯವಿತ್ತು. ಆ ನಡುವೆ ಒಂದು ವಿಚಿತ್ರ ನಡೆಯಿತು. ಪ್ಲಾಸಿದೊ ಮತ್ತೆ ಬಿಯರಿನ ಗೋಜಿಗೆ ಹೋಗಲಿಲ್ಲ. ಆದರೂ ಚಿಲ್ಲರ್ ದಿನೇ ದಿನೇ ಚೇತರಿಸಿಕೊಂಡಿತು. ಬೆಳಗ್ಗೆ ಬಂದರೆ ಅರವತ್ತು. ಊಟ ಮುಗಿಸಿ ಬಂದರೆ ಎಂಬತ್ತು. ಸಂಜೆ ಬಾಗಿಲು ಹಾಕುವಾಗ ನೂರು! ಓಡಿದರೆ ಮಾತ್ರ ಮೊದಲಿಗಿಂತ ಬೇಗ ಕಾದು ನಿಲ್ಲುತ್ತಿತ್ತು, ಪರದೆ ಪದೇ ಪದೇ ‘ಜಾಸ್ತಿ, ತೆಗೆಯಿರಿ’ ಎನ್ನುತ್ತಿತ್ತು, ಅವನು ಹೇಳಿದಂತೆ ತೆಗೆಯುತ್ತಿದ್ದ. ಆದರೂ ಯಾರೂ ಏನೂ ಕೊಡದೆ ನೂರಕ್ಕೆ ಏರುತ್ತದಲ್ಲ! ಮಗುವಿಗೆ ಮೈಯಲ್ಲಿ ಶಕ್ತಿ ಬರುತ್ತಿದೆ, ಎಲ್ಲ ಧರ್ಮಪಿತನ ಪ್ರಾರ್ಥನೆಯ ಫಲ ಎಂದು ಅವನ ಕಣ್ಣು ಒದ್ದೆಯಾಯಿತು.

ತಂತ್ರಜ್ಞೆ ನೋರ್ಕಾ ಬಂದಳು. ಮೂವತ್ತರ ಆಸುಪಾಸು, ಕೈಯಲ್ಲಿ ಒಂದು ಪೆಟ್ಟಿಗೆ, ಮುಖದಲ್ಲಿ ಪ್ರಯಾಣದ ಸಿಟ್ಟು. ಬಾಗಿಲಲ್ಲೇ ನಿಂತು ಮೂಗರಳಿಸಿದಳು. ನಿರ್ದೇಶಕಿ ಪರದೆಯ ವಿಷಯ ಹೇಳಲು ಶುರುಮಾಡಿದಳು. ನಡೆಯುವಾಗ ನೂರು, ನಿಂತಾಗ ಮೂವತ್ತು, ಸೋರಿಕೆ ಇಲ್ಲ, ಕಳ್ಳತನವೂ ಸಿಕ್ಕಿಲ್ಲ. ನೋರ್ಕಾ ತನ್ನ ಟೋಪಿ ತೆಗೆದು ಪರದೆಯ ಮೇಲೆ ನೇತುಹಾಕಿದಳು.

“ಇದನ್ನ ಬಿಡಿ. ನೀರನ್ನ ನೋಡೋಣ. ಯಾರಾದ್ರೂ ಒಂದು ಉದ್ದನೆ ಕಡ್ಡಿ ಕೊಡಿ.”

ನೀರನ್ನೇ ನೋಡುವುದು ಅಲ್ಲಿಯವರೆಗೆ ಯಾರಿಗೂ ಹೊಳೆಯದ ಉಪಾಯ. ಪ್ಲಾಸಿದೊ ಕಿಟಕಿ ಒರೆಸುವ ಕೋಲು ತಂದುಕೊಟ್ಟ. ನೋರ್ಕಾ ಪಂಪು ಹಾಕಿಸಿ, ಮೊಹರು ಒಡೆದು, ಮುಚ್ಚಳ ಎತ್ತಿದಳು.

ಹಾಲು ಉಕ್ಕಿದಂತೆ ಉಕ್ಕಿತು. ಬಿಳಿ ನೊರೆ ಟ್ಯಾಂಕಿನ ಅಂಚು ದಾಟಿ, ಡಬ್ಬದ ಹೊಟ್ಟೆಯ ಮೇಲಿಂದ ಇಳಿದು, ನಿರ್ದೇಶಕಿಯ ಷೂ ಮುಟ್ಟಿತು. ಜೊತೆಗೆ ಆ ಹುಳಿ ವಾಸನೆ ಕೋಣೆ ತುಂಬಿತು. ಕಲ್ಲಿನ ಫಲಿತಾಂಶ ಕೇಳಲು ಬಂದಿದ್ದ ಕ್ಲೇತೊ ಟೋಪಿ ತೆಗೆದ. ನೋರ್ಕಾ ಕೋಲು ಇಳಿಸಿ ತೆಗೆದು ತೋರಿಸಿದಳು. ಒದ್ದೆಯಾಗಿದ್ದದ್ದು ಒಂದು ಗೇಣು. ಅವಳ ಟೋಪಿಯ ಕೆಳಗೆ ಪರದೆ ನೂರು ಎನ್ನುತ್ತಿತ್ತು.

“ಟ್ಯಾಂಕಿನ ಬಾಯಿ ಹತ್ರ ಒಂದು ಸೆನ್ಸರ್ ಇದೆ. ಅದು ಕೆಳಗೆ ಸದ್ದು ಬಿಡತ್ತೆ. ಸದ್ದು ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ನೀರಿನ ಮಟ್ಟ ಹೇಳತ್ತೆ. ನೊರೆಗೆ ಬಡಿದ್ರೂ ಅದಕ್ಕೆ ನೀರೇ. ಪಂಪು ಓಡಿದ್ರೆ ನೊರೆ ಏಳತ್ತೆ, ನೂರು ಅನ್ನತ್ತೆ. ನಿಂತ್ರೆ ನೊರೆ ಕೂರತ್ತೆ, ಮೂವತ್ತು ಅನ್ನತ್ತೆ. ನೀವು ನೂರು ಅಂದಾಗೆಲ್ಲ ನೀರು ತೆಗೆದ್ರಿ. ಸರಿ, ಈಗ ಹೇಳಿ. ಬಿಯರು ಹಾಕಿದ್ದು ಯಾರು?”

ಪ್ಲಾಸಿದೊನ ಕಣ್ಣ ಮುಂದೆ ಈಸ್ಟರು ಹಾದುಹೋಯಿತು, ಬಟಾಣಿಯವಳು ಹಾದುಹೋದಳು. ಸುಮ್ಮನಿದ್ದರೆ ಗೊತ್ತಾಗುವುದು ಯಾರಿಗೆ? ಆದರೆ ನೊರೆಯೊಳಗೆ ಉಸಿರುಕಟ್ಟಿ ಬುಳುಬುಳು ಎನ್ನುತ್ತಿದ್ದ ಡಬ್ಬವನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

“ನಾನು,” ಎಂದ. “ನಾನು ಇದರ ಧರ್ಮಪಿತ. ಹಬ್ಬದ ದಿನ ಒಂದು ಬಾಟ್ಲಿ, ಆಮೇಲೆ ಒಂದು. ಬೇರೆ ಯಾರದೂ ತಪ್ಪಿಲ್ಲ.” ಕತ್ತಿನ ಟೈ ಬಿಚ್ಚಿ ಮಡಿಸತೊಡಗಿದ. “ನಾನು ಹೋಗ್ತೀನಿ ಇಂಜಿನಿಯರಮ್ಮ. ಮಗು ಬದುಕತ್ತೆ ಅಂತ ಇವರು ಒಂದು ಮಾತು ಹೇಳಿಬಿಟ್ರೆ ಹೋಗ್ತೀನಿ.”

ನೋರ್ಕಾ ಹುಬ್ಬು ಗಂಟಿಕ್ಕಿದಳು. “ಎರಡು ಬಾಟ್ಲಿನಾ? ನಾನು ಕೊಚಬಾಂಬಾದವಳು ಸ್ವಾಮಿ. ನಮ್ಮಜ್ಜಿ ಜೋಳದ ಹೆಂಡ ಚಿಚಾ ಕಾಯಿಸಿ ಮಾರ್ತಿದ್ಳು. ಎರಡು ಬಾಟ್ಲಿಗೆ ಇಷ್ಟು ನೊರೆ ಬರಲ್ಲ. ಇದರೊಳಗೆ ಒಂದು ಮದುವೆಗೆ ಆಗೋಷ್ಟಿದೆ.”

ಅವಳು ಬಗ್ಗಿ, ಟ್ಯಾಂಕಿನ ತಳದ ಫಿಲ್ಟರನ್ನು ಬಿಚ್ಚಿ ತಟ್ಟೆಯ ಮೇಲೆ ಕೊಡವಿದಳು. ಮೊದಲು ಬಣ್ಣದ ಕಾಗದದ ಚೂರು ಬಿದ್ದವು. ಅವು ತನ್ನವೆಂದು ಪ್ಲಾಸಿದೊ ಒಪ್ಪಿಕೊಂಡ. ಆಮೇಲೆ ಒಂದು ಹಿಡಿ ಒದ್ದೆ ಕೋಕಾ ಎಲೆ ಬಿತ್ತು.

“ಇದು ನಂದಲ್ಲ,” ಎಂದ ಪ್ಲಾಸಿದೊ.

ಎಲ್ಲರೂ ಕ್ಲೇತೊನ ಕೆನ್ನೆ ನೋಡಿದರು. ಕ್ಲೇತೊ ಅಗಿಯುವುದನ್ನು ನಿಲ್ಲಿಸಿದ.

“ಬಿಯರಿನ ಜೊತೆ ಎಲೇನೂ ಕೊಡ್ಬೇಕು, ಕಂಪಾದ್ರೆ. ನೀನು ಕೊಟ್ಟಿರಲ್ಲ ಅಂತ... ನಮ್ಮ ಪದರದ ಪ್ರಶ್ನೆ ಅದು.”

ಆಮೇಲೆ ಸೋಂಪಿನ ಮಿಠಾಯಿಯ ಕಾಗದಗಳು ಬಿದ್ದವು. ಒಂದಲ್ಲ, ಒಂದು ಗೊಂಚಲು. ಯಾರೂ ಏನೂ ಕೇಳುವುದಕ್ಕೆ ಮುಂಚೆಯೇ ರೆಂಬೆರ್ತೊ ಕೂಗಿದ:

“ಒಂದು ಬಾಟ್ಲಿ ಹಾಕಿದ್ರೆ ಅರ್ಧ ಟ್ಯಾಂಕು ತುಂಬತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ! ಬಟ್ಟಿ ನೀರಿಗಿಂತ ಅಗ್ಗ! ಸಂಸ್ಥೆಗೆ ಉಳಿತಾಯ ಆಗ್ಲಿ ಅಂತ ಮಾಡ್ದೆ!”

“ನೋಡಿ,” ಎಂದು ನಿರ್ದೇಶಕಿ ಮುಂದೆ ಬಂದಳು. ಧ್ವನಿ ಖಡ್ಗದಂತಿತ್ತು. “ವಿಜ್ಞಾನದ ಜಾಗದಲ್ಲಿ, ಓದಿದವರು, ಇಂಥ ಮೂಢತನ...”

“ಒಂದು ನಿಮಿಷ ಮೇಡಂ,” ನೋರ್ಕಾ ಫಿಲ್ಟರನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. “ಇನ್ನೊಂದು ವಾಸನೆ ಇದೆ. ಬಿಯರಲ್ಲ. ಸಿಂಗಾನಿ. ತಾರಿಹಾದ್ದು. ಒಳ್ಳೇ ಮಾಲು.”

ನಿರ್ದೇಶಕಿಯ ಕೋಣೆಯ ಬಾಗಿಲು ತೆರೆದೇ ಇತ್ತು. ಕಪಾಟಿನ ಬಾಟಲಿ ಇಲ್ಲಿಂದಲೇ ಕಾಣುತ್ತಿತ್ತು. ಅದರಲ್ಲಿದ್ದದ್ದು ಅರ್ಧ. ದೊಡ್ಡ ಅತಿಥಿಗಳು ಯಾರೂ ಆ ವರ್ಷ ಬಂದಿರಲಿಲ್ಲ. ಎಲ್ಲರೂ ಬಾಟಲಿಯನ್ನು ನೋಡಿದರು, ಆಮೇಲೆ ಬಹಳ ಮರ್ಯಾದೆಯಿಂದ ಸೂರನ್ನು ನೋಡಿದರು.

“ಬೇರೆಯವರ ಪ್ರಯೋಗ ನಿಜವೋ ಸುಳ್ಳೋ ಅಂತ ತಾನೇ ಒಂದ್ಸಲ ಮಾಡಿ ನೋಡೋದು ವಿಜ್ಞಾನಿಯ ಕರ್ತವ್ಯ,” ಎಂದಳು ನಿರ್ದೇಶಕಿ, ನೊರೆ ಮೆತ್ತಿದ ಷೂ ನೋಡುತ್ತ. ಸ್ವಲ್ಪ ತಡೆದು ಸೇರಿಸಿದಳು, “ಮೂರು ಸಲ ಮಾಡಿದ್ರೆ ಇನ್ನೂ ಒಳ್ಳೇದು.”

ಟ್ಯಾಂಕು ಖಾಲಿ ಮಾಡಿ ತೊಳೆದು, ಬಟ್ಟಿ ನೀರು ತುಂಬುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಎಲ್ಲರೂ ಬಕೆಟ್ಟು ಹೊತ್ತರು. ನಿರ್ದೇಶಕಿಯೂ ಹೊತ್ತಳು. ನೋರ್ಕಾ ಟೋಪಿ ತೆಗೆದಾಗ ಪರದೆ ಎಪ್ಪತ್ತೆಂಟು ತೋರಿಸಿತು. ಕೋಲು ಇಳಿಸಿದರೆ ಕೋಲೂ ಅದನ್ನೇ ಹೇಳಿತು. ಪಂಪು ಹಾಕಿದರೂ ಎಪ್ಪತ್ತೆಂಟು, ನಿಲ್ಲಿಸಿದರೂ ಎಪ್ಪತ್ತೆಂಟು. ನೂರು ನೋಡಿ ರೂಢಿಯಾಗಿದ್ದವರಿಗೆ ಅದು ಸಪ್ಪೆಯೆನಿಸಿತು.

“ವರದೀಲಿ ಕಾರಣ ಏನಂತ ಬರೀಲಿ?” ಎಂದು ಕೇಳಿದಳು ನೋರ್ಕಾ. ಆಮೇಲೆ ತಾನೇ ಹೇಳಿದಳು, “‘ನೊರೆ’ ಅಂತ ಬರೀತೀನಿ. ಯಾವ ನೊರೆ ಅಂತ ಕಂಪನಿಯವರು ಕೇಳಲ್ಲ, ಗ್ಯಾರಂಟೀನೂ ಹೋಗಲ್ಲ. ಕಾರ್ನಿವಲ್ ಕಳೆದ ಮೇಲೆ ಒರುರೊಗೆ ನಾನು ಬರೋದು ಇದೇ ಮೊದಲಲ್ಲ.”

ಪ್ಲಾಸಿದೊ ಇನ್ನೂ ಮಡಿಸಿದ ಟೈ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದ.

“ಎಲ್ಲಿಗೆ ಹೊರಟ್ರಿ?” ಎಂದಳು ನಿರ್ದೇಶಕಿ. “ಬನ್ನಿ ಇಲ್ಲಿ. ಇಷ್ಟು ಜನ ಹಾಕಿದ್ವಿ. ಕೇಳಿದ ತಕ್ಷಣ ‘ನಾನು’ ಅಂದವರು ನೀವೊಬ್ರೇ. ಸಹಿ ಹಾಕ್ತೀನಿ. ಈಸ್ಟರ್‌ವರೆಗೂ ಕಾಯೋದು ಬೇಡ, ಅಷ್ಟರೊಳಗೆ ನೀವು ಇನ್ನೇನು ಮಾಡ್ತೀರೋ ಯಾರಿಗೆ ಗೊತ್ತು.”

ಪ್ಲಾಸಿದೊ ಅತ್ತುಬಿಟ್ಟ. ಅವನನ್ನು ನೋಡಿ ಕ್ಲೇತೊ ಅತ್ತ. ಕಲ್ಲಿನಲ್ಲಿ ತವರ ಇದೆಯೆಂದು ಯಂತ್ರ ಹೇಳಿದ್ದರಿಂದ ಅವನಿಗೆ ಅಳುವುದಕ್ಕೆ ಬೇರೆ ಕಾರಣವೂ ಇತ್ತು.

ಅಷ್ಟರಲ್ಲಿ ಸೆನೋಬಿಯಾ ಬಂದಳು. ಗಂಡನ ಕೆಲಸ ಹೋಗಿರುತ್ತದೆ, ಹಸಿದ ಹೊಟ್ಟೆಯಲ್ಲಿ ಮನೆಗೆ ನಡೆಯುವುದು ಬೇಡ ಎಂದು ಒಂದು ಪಾತ್ರೆ ತುಂಬ ಬಿಸಿ ಅಪಿ ತಂದಿದ್ದಳು. ಮೊದಲ ಲೋಟ ನೋರ್ಕಾಗೆ ಕೊಟ್ಟಳು. ನೋರ್ಕಾ ಕುಡಿಯುವ ಮುಂಚೆ, ಯೋಚಿಸದೆ, ಎಲ್ಲರೂ ಮಾಡುವ ಹಾಗೆಯೇ, ಲೋಟ ಬಗ್ಗಿಸಿ ಎರಡು ಹನಿ ಭೂತಾಯಿಗೆ ಬಿಟ್ಟಳು. ಹನಿ ಬಿದ್ದದ್ದು ನೆಲದ ಮೇಲೆ, ಚಿಲ್ಲರಿನಿಂದ ಒಂದು ಮೊಳ ದೂರ. ಸೆನೋಬಿಯಾ ಆ ಹನಿಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಆ ನೋಟ ಪ್ಲಾಸಿದೊಗೆ ಬೈಗುಳಕ್ಕಿಂತ ಜೋರಾಗಿ ಕೇಳಿಸಿತು.

ಹೊರಡುವ ಮುಂಚೆ ನೋರ್ಕಾ ಸೊಟ್ಟ ಕೊಳವೆಯ ಬಾಯಿಗೆ ಒಂದು ಮುಚ್ಚಳ ಹಾಕಿ, ಅದಕ್ಕೆ ಪುಟ್ಟ ಬೀಗ ಜಡಿದಳು. ಬೀಗದ ಕೈಯನ್ನು ಎತ್ತಿ ಹಿಡಿದು, “ಇದನ್ನ ಯಾರಿಗೆ ಕೊಡ್ಲಿ?” ಎಂದಳು.

ಪ್ಲಾಸಿದೊ ಕೈ ಚಾಚಿ, ಹಾಗೇ ಹಿಂದಕ್ಕೆ ಎಳೆದುಕೊಂಡ. ರೆಂಬೆರ್ತೊ ಕ್ಲೇತೊನನ್ನು ನೋಡಿದ, ಕ್ಲೇತೊ ರೆಂಬೆರ್ತೊನನ್ನು ನೋಡಿದ, ಇಬ್ಬರೂ ನಿರ್ದೇಶಕಿಯನ್ನು ನೋಡಿದರು. ನಿರ್ದೇಶಕಿ ಕಪಾಟಿನ ಬಾಗಿಲು ಹಾಕಲು ಹೋದಳು.

ಸೆನೋಬಿಯಾ ಲೋಟಗಳನ್ನು ಎತ್ತಿಟ್ಟು, ಕೈ ಒರೆಸಿಕೊಂಡು ಬಂದು, ಬೀಗದ ಕೈಯನ್ನು ತೆಗೆದುಕೊಂಡು ತನ್ನ ಎತ್ತರದ ಟೋಪಿಯೊಳಗೆ ಇಟ್ಟು ಟೋಪಿ ಹಾಕಿಕೊಂಡಳು.

“ಮಗೂಗೆ ಬಾಯಾರಿಕೆ ಆದ್ರೆ ಅಂಗಡಿ ಹತ್ರ ಬಂದು ಹೇಳಿ,” ಎಂದಳು. “ನೀರು ನಾನು ಹಾಕ್ತೀನಿ.”